ಬಲಕ್ಕೆ ತಿರುಗದ ದೋಣಿ

ಇಪ್ಪತ್ತೊಂದು ಅಡಿ ಎಂಟು ಅಂಗುಲ ಉದ್ದದ ವಸ್ತುವೊಂದನ್ನು ಹೆಂಡತಿಯ ಕಿವಿಗೆ ಬೀಳದಂತೆ ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಯಾರಾದರೂ ಕೇಳಿದರೆ ನಾನು ಖಚಿತವಾದ ಉತ್ತರ ಕೊಡಬಲ್ಲೆ: ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಮಹಾದೇವಿ ಚಹದ ಕಪ್ಪನ್ನು ನನ್ನ ಮುಂದಿಟ್ಟು, "ದೋಣಿಗಿ ಯಾವ ಬಣ್ಣ ಅದ?" ಎಂದು ಕೇಳಿದಳು.

"ಬಿಳಿ," ಎಂದೆ. "ನೀಲಿ ಪಟ್ಟಿ ಅದ."

"ಬಾಡಿಗಿ ತಂದೀರೋ, ಕೊಂಡೀರೋ?"

ನಾನು ಚಹ ಕುಡಿದೆ. 'ಪ್ರತಿಕ್ರಿಯಿಸಲು ನಿರಾಕರಿಸಿದರು' ಎಂದು ಎಷ್ಟೋ ಸಲ ಬರೆದಿದ್ದೇನೆ. ನಿರಾಕರಿಸುವವನಿಗೆ ಒಳಗೆ ಹೇಗೆ ಅನ್ನಿಸುತ್ತದೆ ಎಂಬುದು ಅವತ್ತು ತಿಳಿಯಿತು.

ತಪ್ಪು ನನ್ನದೇ. ಮೂವತ್ತು ವರ್ಷ ಯಾದಗಿರಿಯಲ್ಲಿ ಜಿಲ್ಲಾ ವರದಿಗಾರನಾಗಿ ದುಡಿದವನಿಗೆ ಸುದ್ದಿ ಹೇಗೆ ಹೊರಬೀಳುತ್ತದೆ ಎಂಬ ಅಂದಾಜು ಇರಬೇಕಿತ್ತು. ಮಹಾದೇವಿ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳ ಶಾಲೆಯ ಮಕ್ಕಳೆಲ್ಲ ಅವಳಿಗೆ ಸಂಬಳವಿಲ್ಲದ ವರದಿಗಾರರು. ನಮ್ಮ ಪತ್ರಿಕೆಗೆ ಅಂಥ ಜಾಲ ಯಾವ ಕಾಲದಲ್ಲೂ ಇರಲಿಲ್ಲ.

ದೋಣಿ ಬಂದದ್ದು ಕರಾವಳಿಯಿಂದ. ಅಲ್ಲಿ ಮುಚ್ಚಿಹೋದ ಒಂದು ವಿಹಾರಧಾಮದವರು ಅದನ್ನು ಮಾರುವುದಾಗಿ ಜಾಹೀರಾತು ಹಾಕಿದ್ದರು. ಜಾಹೀರಾತು ನೋಡಿಯೂ ಸುಮ್ಮನಿರುವ ಅಭ್ಯಾಸ ನನಗಿದೆ. ಪತ್ರಿಕೆಯವರಿಗೆ ಆ ಅಭ್ಯಾಸವಿಲ್ಲದಿದ್ದರೆ ಮನೆ ನಡೆಯುವುದಿಲ್ಲ. ಆದರೆ ಚಿತ್ರದಲ್ಲಿ ಅದಕ್ಕೊಂದು ಪುಟ್ಟ ಕೋಣೆ, ಕೋಣೆಗೆ ದುಂಡನೆಯ ಕಿಟಕಿ, ಕಿಟಕಿಗೆ ಹೂವಿನ ಪರದೆ ಇತ್ತು. ಆ ಪರದೆ ನನ್ನನ್ನು ಕೆಡಿಸಿತು. ಲಾರಿಯ ಮೇಲೆ ಕುಳಿತು ಬಂದ ಅದನ್ನು ಎದುರುಗೊಳ್ಳಲು ನಾನು ತಿಂಥಣಿಯವರೆಗೂ ಹೋಗಿದ್ದೆ. ನೀರಿನ ಮೇಲೆ ಓಡಲೆಂದೇ ಹುಟ್ಟಿದ ದೋಣಿಯೊಂದು ಲಾರಿ ಹತ್ತಿ, ಸೇತುವೆಯ ಮೇಲಿಂದ ಕೃಷ್ಣೆಯನ್ನು ದಾಟುವುದನ್ನು ನಾನು ಕಣ್ಣಾರೆ ಕಂಡೆ. ಸುರಪುರದಲ್ಲಿ ಕರೆಂಟಿನ ತಂತಿಗಳು ತಗ್ಗಾಗಿದ್ದುದರಿಂದ ಒಬ್ಬರು ಒಣ ಬಿದಿರಿನ ಗಳ ಹಿಡಿದು ಲಾರಿಯ ಮುಂದೆ ನಡೆಯಬೇಕಾಯಿತು. ಸಂತೆಗೆ ಬಂದಿದ್ದ ಜನ ಬುಟ್ಟಿ ಇಳಿಸಿ ನಿಂತು ನೋಡಿದರು. ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟದ ಕೆಳಗೆ ಹಾಯುವಾಗ ನಾನು ಒಮ್ಮೆ ಮೇಲೆ ನೋಡಿದೆ. ಇಡೀ ದಾರಿಯಲ್ಲಿ ನಮ್ಮ ಕಡೆ ತಿರುಗಿ ನೋಡದವನು ಅವನೊಬ್ಬನೇ.

ಈಗ ಅದರ ವಾಸ ವಡಗೇರಾ ಕಡೆಗೆ, ಭೀಮೆಗೆ ಅಡ್ಡ ಕಟ್ಟಿದ ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ. ಊರವರು ಅದಕ್ಕೆ 'ಜಹಾಜ' ಎನ್ನುತ್ತಾರೆ. ನಾನು ಪ್ರತಿ ಸಲವೂ ತಿದ್ದುತ್ತೇನೆ: ಜಹಾಜಲ್ಲ, ಕೋಣೆಯಿರುವ ಮೋಟಾರು ದೋಣಿ. ತಿದ್ದಿದ್ದನ್ನು ಕೇಳಿಸಿಕೊಂಡು, "ಹೌದ್ರಿ, ಜಹಾಜಿಗಿ ಖೋಲಿ ಇರಬೇಕಲ್ರಿ," ಎಂದು ಒಪ್ಪುತ್ತಾರೆ.

ದೋಣಿ ಕೊಳ್ಳುವ ಮುಂಚೆ ನನ್ನ ಕಲ್ಪನೆಯಲ್ಲಿ ದೋಣಿಯೆಂದರೆ ನೀರಿನ ಮೇಲೆ ತೇಲುವ ಸುಖ. ಕೊಂಡ ಮೇಲೆ ಗೊತ್ತಾಯಿತು, ಅದು ಮುಖ್ಯವಾಗಿ ಉಜ್ಜುವ ವಸ್ತು. ತಳಕ್ಕೆ ಪಾಚಿ ಹಿಡಿಯುತ್ತದೆ, ಉಜ್ಜಬೇಕು. ಉಕ್ಕಿನ ಕಟಾಂಜನದ ಮೇಲೆ ಒಂದು ಮಿಂಚುಳ್ಳಿ ಕಾಯಂ ಕೂರುತ್ತದೆ. ಅದು ಕುಳಿತ ಜಾಗವನ್ನು ಉಜ್ಜಬೇಕು. ಬ್ಯಾಟರಿಯ ಮೊಳೆಗಳಿಗೆ ಹಸಿರು ಹಿಡಿಯುತ್ತದೆ, ಪೆಟ್ರೋಲ್ ಪೈಪನ್ನು ಇಲಿ ಕಡಿಯುತ್ತದೆ, ನೀರೊಳಗಿನ ಪಂಖಕ್ಕೆ ಹಳೆಯ ಬಲೆಯ ನೈಲಾನ್ ದಾರ ಸುತ್ತಿಕೊಳ್ಳುತ್ತದೆ. ಹೊಗೆ ಕೊಳವೆಯಲ್ಲಿ ಕಣಜಗಳು ಒಮ್ಮೆ ಮನೆ ಮಾಡಿದ್ದವು. ಎಂಜಿನ್ ಚಾಲೂ ಮಾಡಿದಾಗ ಮೊದಲು ಅವು ಹೊರಬಂದವು, ಆಮೇಲೆ ಹೊಗೆ ಬಂತು, ಅಷ್ಟರಲ್ಲಿ ನಾನು ನೀರಿನಲ್ಲಿದ್ದೆ. ಒಟ್ಟು ಲೆಕ್ಕ ಹಾಕಿದರೆ ಪ್ರತಿ ಭಾನುವಾರ ಮೂರು ತಾಸು ದುರಸ್ತಿ, ಇಪ್ಪತ್ತು ನಿಮಿಷ ವಿಹಾರ.

ಆದರೆ ಆ ಇಪ್ಪತ್ತು ನಿಮಿಷದ ಬಗ್ಗೆ ಸಮತೋಲನದಿಂದ ಬರೆಯುವುದು ನನ್ನಿಂದ ಸಾಧ್ಯವಿಲ್ಲ. ಕೈಯಲ್ಲಿ ಚುಕ್ಕಾಣಿಯ ಚಕ್ರ, ಬೆನ್ನ ಹಿಂದೆ ಎಂಜಿನ್ನಿನ ಗುಡುಗುಡು, ಎರಡೂ ದಂಡೆಗಳಲ್ಲಿ ನಿಂತ ಜೋಳ ತೊಗರಿಗಳು ಹಿಂದೆ ಸರಿಯುತ್ತಿರುತ್ತವೆ. ಬೆಳ್ಳಕ್ಕಿಗಳು ಏಳುತ್ತವೆ, ನಾವು ದಾಟಿದ ಮೇಲೆ ಮತ್ತೆ ಅಲ್ಲೇ ಇಳಿಯುತ್ತವೆ. ಸೀರೆ ಒಗೆಯುವ ಹೆಂಗಸರು ಒಗೆಯುವುದನ್ನು ನಿಲ್ಲಿಸಿ ನೋಡುತ್ತಾರೆ. ನಾನು ಗಂಭೀರ ಮುಖ ಮಾಡಿಕೊಂಡು ಕೈಯೆತ್ತುತ್ತೇನೆ. ಮೂರು ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದೇನೆ. ಅವತ್ತೂ ಇಷ್ಟು ದೊಡ್ಡ ಮನುಷ್ಯನೆಂದು ಅನ್ನಿಸಿರಲಿಲ್ಲ. ತಿರುವು ದಾಟಿ ಯಾರೂ ಕಾಣದಾದಾಗ ನಾನು ಹಾಡುತ್ತೇನೆ. ಎಂಜಿನ್ನಿನ ಸದ್ದು ಅದನ್ನು ಮುಚ್ಚುತ್ತದೆ ಎಂಬ ಭರವಸೆಯಿತ್ತು. ಮುಚ್ಚುವುದಿಲ್ಲ ಎಂದು ಸಾಬಣ್ಣ ಒಂದು ದಿನ ಮೆಲ್ಲಗೆ ತಿಳಿಸಿದ.

ಸಾಬಣ್ಣ ಅಂಬಿಗ. ನನ್ನ ದೋಣಿಯನ್ನು ವಾರವಿಡೀ ಕಾಯುವವನು, ನನಗಿಂತ ಹತ್ತು ವರ್ಷ ದೊಡ್ಡವನು. ಕಾಯುತ್ತಾನೆಯೇ ಹೊರತು ಹತ್ತುವುದಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಕುಂತಲ್ಲಿಂದ ಕೈಗಿ ನೀರು ಸಿಗಬೇಕ್ರಿ ಸರ. ನಿಮ್ಮದರಾಗ ನೀರು ಕೆಳಗಿನ ಮನಿಯವರದು ಆಗತದ," ಎಂದ. ಅವನದು ಹರಿಗೋಲು, ಬಿದಿರಿನ ದುಂಡು ಬುಟ್ಟಿ. ಅದನ್ನು ನಾನು ಬಹಳ ಹೊತ್ತು ಗಮನಿಸಿ ನೋಡಿದ್ದೇನೆ. ಮನುಷ್ಯ ಮಾಡಿದ ವಾಹನಗಳಲ್ಲಿ ಮುಂದೆ ಹಿಂದೆ ಎಂಬುದೇ ಇಲ್ಲದ್ದು ಬಹುಶಃ ಅದೊಂದೇ. ಬಂಡಿಗೆ ಮೂಕಿಯಿದೆ, ಬಸ್ಸಿಗೆ ಬೋರ್ಡಿದೆ, ವಿಮಾನಕ್ಕೆ ಮೂಗಿದೆ. ಹರಿಗೋಲಿನಲ್ಲಿ ಕುಳಿತವನು ಯಾವ ಕಡೆ ಮುಖ ಮಾಡುತ್ತಾನೋ ಅದು ಮುಂದೆ. ಎಂಜಿನ್ ಬಂದ ಮೇಲೆ ಮನುಷ್ಯನಿಗೆ ಮುನ್ನಡೆ, ಹಿನ್ನಡೆ ಎಂಬ ಪದಗಳು ಬಂದವು, ಸಂಪಾದಕೀಯಗಳು ಉದ್ದವಾದವು.

ಎಂಜಿನ್ ಎಂದಾಗ ಖಾಸಿಂ ಬರಲೇಬೇಕು. ಶಹಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ದೋಣಿಯ ಎಂಜಿನ್ ರಿಪೇರಿ ಮಾಡುವವರು ನಮ್ಮ ಮೂರು ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಖಾಸಿಂ ಮೊದಲ ದಿನ ಬಂದು, ದೋಣಿಯ ಹಿಂಭಾಗಕ್ಕೆ ನೇತುಬಿದ್ದಿದ್ದ ಎಂಜಿನ್ನನ್ನು ಎರಡೂ ಬದಿಯಿಂದ ಬಗ್ಗಿ ನೋಡಿ, ಮುಚ್ಚಳ ತೆಗೆದು ಒಳಗೆ ಇಣುಕಿ, ನಕ್ಕ.

"ಸರ, ಇದು ಪಂಪ್‌ಸೆಟ್ಟೇ ಅದ. ಬರೇ ಭಾವಿ ಬಿಟ್ಟು ಓಡಿ ಬಂದಾದ."

"ಅದ್ಹ್ಯಾಂಗ?"

"ನೀರು ಎಳಿತದ, ನೀರು ಒಗಿತದ. ನಮ್ಮ ಪಂಪಿಗಿ ಕಾಂಕ್ರೀಟಿನಾಗ ಬೋಲ್ಟ್ ಹಾಕಿ ಕುಂದ್ರಸ್ತೀವಿ, ಅದಕ್ಕ ನೀರು ಓಡ್ತದ. ಇದಕ್ಕ ಬೋಲ್ಟ್ ಹಾಕಿಲ್ಲ, ಅದಕ್ಕ ಇದೇ ಓಡ್ತದ."

ದೋಣಿ ಯಾಕೆ ಮುಂದೆ ಹೋಗುತ್ತದೆ ಎಂಬುದನ್ನು ನಾನು ಮೂರು ಕಡೆ ಓದಿದ್ದೆ. ಇಷ್ಟು ಚೊಕ್ಕವಾಗಿ ಎಲ್ಲೂ ಬರೆದಿರಲಿಲ್ಲ. ಅಂದಿನಿಂದ ಖಾಸಿಂ ನನ್ನ ಇಂಜಿನಿಯರ್. ಅವನಿಗೆ ದೋಣಿಯ ಬಗ್ಗೆ ಇದ್ದ ಬೇಸರ ಒಂದೇ: ಎಂಜಿನ್ನನ್ನು ತಂಪು ಮಾಡಿ ಹೊರಗೆ ಚಿಮ್ಮುವ ನೀರು ಮತ್ತೆ ಹೊಳೆಗೇ ಬೀಳುತ್ತದೆ. "ನಾಕು ಸಾಲು ಮೆಣಸಿನಗಿಡ ಉಣ್ತಾವ್ರಿ ಇಷ್ಟು ನೀರು," ಎಂದು ಪ್ರತಿ ಸಲವೂ ನಿಟ್ಟುಸಿರು ಬಿಡುತ್ತಿದ್ದ.

ಹೀಗೆ ಎಂಟು ತಿಂಗಳು ಕಳೆದವು. ಎಂಟು ತಿಂಗಳಲ್ಲಿ ಮಹಾದೇವಿ ಒಂದು ಸಲವೂ ದೋಣಿ ಹತ್ತಲಿಲ್ಲ. ಜಗಳವಾಡಲಿಲ್ಲ, ಅದರ ಸುದ್ದಿ ಎತ್ತಲೂ ಇಲ್ಲ. ಭಾನುವಾರ ಸಂಜೆ ನಾನು ಮೈಯೆಲ್ಲ ಪೆಟ್ರೋಲ್ ನಾರುತ್ತ ಮನೆಗೆ ಬಂದಾಗ ಬಚ್ಚಲಿನಲ್ಲಿ ಬಿಸಿನೀರು ಸಿದ್ಧವಿರುತ್ತಿತ್ತು. ಆ ಬಿಸಿನೀರಿಗೆ ನಾನು ಹೆದರುತ್ತಿದ್ದೆ.

ಆಗ ಬಂದವರು ಶರಣಪ್ಪ ಸಾವ್ಕಾರರು. ಶಹಾಪುರದ ಹೊರವಲಯದಲ್ಲಿ ಹೊಸದಾಗಿ ಫಂಕ್ಷನ್ ಹಾಲ್ ಕಟ್ಟಿಸಿದ್ದರು. ಹೊಲಗದ್ದೆಯ ಮನುಷ್ಯ, ಮಾತು ನೇರ, ಹೊಟ್ಟೆ ದೊಡ್ಡದು, ಕನಸು ಅದಕ್ಕಿಂತ ದೊಡ್ಡದು. ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕೈಯಾಡಿಸಿ ಚಿತ್ರ ಬಿಡಿಸಿದರು.

"ಹಾಲಿನ ಮುಂದ ನಾಕು ಸಿಮೆಂಟ್ ಕಂಬ ಎಬ್ಬಸ್ತೀನ್ರಿ ಸರ. ಕಂಬದ ಮ್ಯಾಲ ನಿಮ್ಮ ಜಹಾಜ. ಜಹಾಜಿನ ಮ್ಯಾಲ ಮದುಮಗ, ಮದುಮಗಳು. ಕೆಳಗಿಂದ ನೀಲಿ ಲೈಟು, ಒಂದೀಟು ಹೊಗಿ. ಫೋಟೋ ನೋಡಿದವರು ದುಬೈ ಅನಬೇಕು."

"ನೀರು?" ಎಂದೆ.

"ನೀರು ಯಾಕ್ರಿ? ಸೊಳ್ಳಿ ಆಗ್ತಾವ."

ನಾನು ನಗಬೇಕೆಂದಿದ್ದೆ. ಆದರೆ ಮಹಾದೇವಿ ನಗಲಿಲ್ಲ. "ಬಣ್ಣ ಗಿಣ್ಣ ವರ್ಷ ವರ್ಷ ಹಚ್ಚಸ್ತೀರೇನ್ರಿ?" ಎಂದು ಕೇಳಿದಳು. ಸಾವ್ಕಾರರು ವರ್ಷಕ್ಕೆ ಎರಡು ಸಲ ಹಚ್ಚಿಸುವುದಾಗಿ ಹೇಳಿದರು. "ಹಂಗಾದ್ರ ಚಲೋ ಆತಲ್ಲ," ಎಂದಳು. ಅವರು ಹೋದ ಮೇಲೆ ನಾನು ಪ್ರತಿಭಟಿಸಿದೆ. ದೋಣಿಯನ್ನು ಕಂಬದ ಮೇಲೆ ಕೂರಿಸುವುದು ಹಕ್ಕಿಯನ್ನು ಮೊಳೆ ಹೊಡೆದು ಗೋಡೆಗೆ ನಿಲ್ಲಿಸಿದಂತೆ ಎಂದೆ. ನನ್ನ ಮಟ್ಟಿಗೆ ಅದು ಒಳ್ಳೆಯ ವಾಕ್ಯ.

"ಅಲ್ಲಿ ನಾಕು ಮಂದಿ ಹತ್ತತಾರ, ಇಳಿತಾರ, ನಗತಾರ," ಎಂದಳು ಮಹಾದೇವಿ. "ಇಲ್ಲಿ ನೀವೊಬ್ಬರ ಉಜ್ಜತೀರಿ."

ನಾನು ಒಂದು ಅವಕಾಶ ಕೇಳಿದೆ. ಎಳ್ಳಮಾಸಿ ಹತ್ತಿರ ಬಂದಿತ್ತು.

ನಮ್ಮ ಕಡೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹೊಲದ ಹಬ್ಬ. ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಅಂಬಲಿಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗಬೇಕು. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಬೇಕು. ಆಮೇಲೆ ಎಲ್ಲ ಅಡಿಗೆಯನ್ನೂ ಕಲಸಿ, ಹೊಲವನ್ನು ಬಲಕ್ಕೆ ಒಂದು ಸುತ್ತು ಹಾಕುತ್ತ ಚೆಲ್ಲಬೇಕು. ಅದು ಚರಗ, ಭೂಮಿಗೆ ಉಣಿಸುವುದು. ಒಬ್ಬರು ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರುತ್ತಾರೆ. ಭೂಮಿ ಉಂಡ ಮೇಲೆ ಮನುಷ್ಯರು.

ನಮಗೆ ಹೊಲವಿಲ್ಲ. ನನ್ನ ತಂದೆ ಕಚೇರಿಯ ಗುಮಾಸ್ತರು, ಮಹಾದೇವಿಯ ತಂದೆ ಮಾಸ್ತರು. ಹೊಲವಿಲ್ಲದವರನ್ನು ನಮ್ಮ ಜನ ಆ ದಿನ ಮನೆಯಲ್ಲಿ ಉಳಿಯಗೊಡುವುದಿಲ್ಲ, ಹತ್ತು ಕಡೆಯಿಂದ ಕರೆ ಬರುತ್ತದೆ. ಮದುವೆಯಾದಂದಿನಿಂದ ಮುದನಾಳದ ಒಬ್ಬ ಗೆಳೆಯನ ಹೊಲಕ್ಕೋ ಇನ್ನೊಬ್ಬರ ಹೊಲಕ್ಕೋ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದೇವೆ. ಆ ಮನೆಯವರು ಸುತ್ತು ಹಾಕುವಾಗ ನಾವು ಬದುವಿನ ಮೇಲೆ ನಿಂತಿರುತ್ತೇವೆ. ನಾನು ಇದನ್ನೊಂದು ಕೊರತೆಯೆಂದು ಎಣಿಸಿದವನಲ್ಲ. ಹೋದ ವರ್ಷ ವಾಪಸು ಬರುವಾಗ, ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಮಹಾದೇವಿ ಒಂದು ಮಾತು ಹೇಳಿದಳು: "ಉಣ್ಣಾಕ ಕರಿತಾರ. ಚೆಲ್ಲಾಕ ಯಾರೂ ಕರಿಯಂಗಿಲ್ಲ." ದೂರಿನ ದನಿಯಲ್ಲ, ಹವಾಮಾನದ ವರದಿ ಓದುವ ದನಿ.

ಆದ್ದರಿಂದ ಈಗ ನಾನು ಹೇಳಿದೆ: "ಈ ಸಲ ನಾವು ಹೊಳಿಯಾಗ ಚರಗ ಚೆಲ್ಲೂಣು. ದೋಣಿಯಾಗ ಕುಂತು, ನಮ್ಮ ನೀರಿಗಿ ಒಂದು ಸುತ್ತು."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಹಾಸ್ಯ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಷರತ್ತು ಹಾಕಿದಳು. "ಪದ್ಧತಿ ಪ್ರಕಾರ ಬಲಕ್ಕ ಒಂದು ಸುತ್ತು ಪೂರಾ ಆಗಬೇಕು. ನಡುವ ಕೆಟ್ಟು ನಿಂತ್ರ ಮರುದಿನ ಸಾವ್ಕಾರ್ರ ಕ್ರೇನ್ ಬರ್ತದ. ನೀವು ಮಾತಾಡಬಾರದು." ಅಷ್ಟೇ ಅಲ್ಲ, ಸಾವ್ಕಾರರನ್ನೂ ಅವತ್ತು ಊಟಕ್ಕೆ ಕರೆದಳು. ಕೊಳ್ಳುವವರು ಸರಕನ್ನು ನೋಡಬೇಕಲ್ಲ ಎಂಬುದು ಅವಳ ನ್ಯಾಯ.

ಇನ್ನು ನನ್ನ ತಪ್ಪಿನ ವಿಚಾರ. ಚುಕ್ಕಾಣಿಯ ತಂತಿ ಸವೆದಿತ್ತು, ಬದಲಿಸಲು ಖಾಸಿಂಗೆ ಹೇಳಿದ್ದೆ. ಹಬ್ಬದ ಮುನ್ನಾದಿನ ಅವನು ಫೋನ್ ಮಾಡಿ, "ವೈರ್ ಬದಲಿ ಮಾಡೀನ್ರಿ ಸರ, ಫಸ್ಟ್ ಕ್ಲಾಸ್," ಎಂದ. ಒಂದೇ ಮೂಲದ ಮಾತು ನಂಬಿ ಸುದ್ದಿ ಬಿಡಬಾರದು, ಎರಡನೆಯವರನ್ನು ಕೇಳಿಯೇ ಬರೆಯಬೇಕು ಎಂದು ಮೂವತ್ತು ವರ್ಷ ಕಿರಿಯ ವರದಿಗಾರರ ತಲೆ ತಿಂದವನು ನಾನು. ಅವತ್ತು ಫೋನ್ ಇಟ್ಟು, ಸಂತೋಷದಿಂದ ಐದು ಕಲ್ಲು ಹುಡುಕಲು ಹೋದೆ.

ಹಬ್ಬದ ದಿನ ಹನ್ನೊಂದು ಗಂಟೆಗೆ ನಾವು ನಾಲ್ವರು ದೋಣಿ ಹತ್ತಿದೆವು: ನಾನು, ಮಹಾದೇವಿ, ಸಾವ್ಕಾರರು, ಖಾಸಿಂ. ಮಹಾದೇವಿ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುಜಾಕೀಟು ಹಾಕಿಕೊಂಡು, ಎಲ್ಲರಿಗೂ ಹಾಕಿಸಿದಳು. ಸಾವ್ಕಾರರದಕ್ಕೆ ಗುಂಡಿ ಕೂಡಲಿಲ್ಲ, ಹಗ್ಗದಿಂದ ಕಟ್ಟಿದೆವು. ಸಾಬಣ್ಣ ಎಂದಿನಂತೆ ತನ್ನ ಹರಿಗೋಲಿನಲ್ಲಿ ಬದಿಗೆ ಬಂದ. ಪಾಂಡವರನ್ನು ದೋಣಿಯ ಮೂತಿಯ ಹತ್ತಿರ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಮಹಾದೇವಿ ಚರಗದ ಬುಟ್ಟಿಯನ್ನು ತೊಡೆಗೆ ಎಳೆದುಕೊಂಡಳು. ಸಾವ್ಕಾರರು ಗೇಣಿನಿಂದ ಕೋಣೆಯ ಬಾಗಿಲು ಅಳೆಯುತ್ತಿದ್ದರು. ಮದುಮಗಳ ಸೀರೆ ಸಿಕ್ಕಿಕೊಳ್ಳಬಾರದಲ್ಲ.

ದಂಡೆ ಬಿಡಲು ಚಕ್ರವನ್ನು ಎಡಕ್ಕೆ ತಿರುಗಿಸಿದೆ. ದೋಣಿ ಹಂಸದಂತೆ ಎಡಕ್ಕೆ ತಿರುಗಿತು. ನಡುನೀರಿಗೆ ಬಂದ ಮೇಲೆ ಚಕ್ರವನ್ನು ಬಲಕ್ಕೆ ತಿರುಗಿಸಿದೆ. ಚಕ್ರ ಬರಲಿಲ್ಲ. ಎರಡೂ ಕೈ ಹಾಕಿದೆ. ಕಾಲು ಊರಿ ಎಳೆದೆ. ದೋಣಿ ಎಡಕ್ಕೇ ತಿರುಗುತ್ತ ಒಂದು ಸುತ್ತು ಮುಗಿಸಿ, ಎರಡನೆಯದಕ್ಕೆ ಹೊರಟಿತು. ಪಾಂಡವರು ಉರುಳಿ ಒಂದು ಮೂಲೆ ಸೇರಿದರು.

"ಬಲಕ್ಕ ತಿರಗಸ್ರಿ," ಎಂದಳು ಮಹಾದೇವಿ.

"ತಿರಗಸ್ತೀನಿ."

"ಮತ್ತ ಎಡಕ್ಕ ಹೊಂಟೀವಲ್ಲ?"

"ಖಾಸಿಂ," ಎಂದೆ.

ಖಾಸಿಂ ಚಕ್ರದ ಕೆಳಗೆ ತಲೆ ಹಾಕಿ ನೋಡಿ, ತಲೆ ಹೊರಗೆ ತೆಗೆಯದೆಯೇ ಹೇಳಿದ. "ಸರ, ಇದರ ವೈರ್ ಸಿಗಲಿಲ್ಲರಿ. ಟ್ರ್ಯಾಕ್ಟರಿನ ಕ್ಲಚ್ ವೈರ್ ಹಾಕೀನಿ. ಒಂದೀಟು ಗಿಡ್ಡ ಬಿದ್ದಂಗ ಕಾಣತದ."

"ತಿರಗಸಿ ನೋಡಿಲ್ಲೇನು?"

"ನೋಡೀನ್ರಿ. ಎಡಕ್ಕ ತಿರಗಸಿದೆ, ಮಸ್ತ್ ತಿರಗಿತು."

"ಬಲಕ್ಕ?"

ಅವನು ತಲೆ ಹೊರಗೆ ತೆಗೆದು, ಬಹಳ ಪ್ರಾಮಾಣಿಕವಾಗಿ ಅಂದ: "ಪಂಪಿನ ಪಂಖ ಒಂದೇ ದಿಕ್ಕಿಗಿ ತಿರಗೂದಲ್ರಿ ಸರ. ಎರಡ್ನೇ ದಿಕ್ಕು ತಲಿಗೇ ಬರಲಿಲ್ಲ."

ಇಪ್ಪತ್ತೈದು ವರ್ಷ ಪಂಪ್‌ಸೆಟ್ ಬಿಚ್ಚಿ ಜೋಡಿಸಿದವನಿಗೆ ಎರಡನೆಯ ದಿಕ್ಕು ಎಂಬುದು ಒಂದು ಅನಗತ್ಯ ವೈಭವ. ಆ ಗಳಿಗೆಯಲ್ಲೂ ಅದು ನನಗೆ ನ್ಯಾಯವೆಂದೇ ತೋರಿತು. ತಂತಿ ಬಿಚ್ಚಲು ಪಾನಾ ಬೇಕು. ಪಾನಾ ದಂಡೆಯಲ್ಲಿ ಅವನ ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲಿತ್ತು. ನಾಲ್ಕನೆಯ ಸುತ್ತು ನಡೆದಿತ್ತು. ಸೀರೆ ಒಗೆಯುವ ಹೆಂಗಸರು ಒಂದು ಸಲ ಎದುರಿಗೆ ಬರುತ್ತಿದ್ದರು, ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಸಾಬಣ್ಣ ಹುಟ್ಟು ಎತ್ತಿಟ್ಟು ನೋಡುತ್ತ ಕುಳಿತಿದ್ದ.

"ಸರ, ಎತ್ತು ಕಟ್ಟಿ ಕಣಾ ತುಳಸಾಕತ್ತೀರೇನ್ರಿ?" ಎಂದ.

ಸಾವ್ಕಾರರು ಒಂದು ಕೈಯಲ್ಲಿ ಕಟಾಂಜನ, ಇನ್ನೊಂದರಲ್ಲಿ ಹೊಟ್ಟೆ ಹಿಡಿದಿದ್ದರು. ಆದರೂ ಅವರ ಮುಖ ಅರಳಿತ್ತು. "ಅಕ್ಕೋರ, ನಾಳಿ ಕ್ರೇನ್ ಎಷ್ಟಕ್ಕ ತರ್ಲಿ? ಹತ್ತಕ್ಕ ತಂದ್ರ ನಡಿತದೇನ್ರಿ?"

ನಾನು ಎಂಜಿನ್ ಆರಿಸಿದೆ. ದೋಣಿ ತನ್ನ ಸುತ್ತನ್ನು ಅರ್ಧಕ್ಕೆ ಬಿಟ್ಟು ನಿಂತಿತು. ಮಹಾದೇವಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಎಡಕ್ಕೆ ಸುತ್ತಿ ಚರಗ ಚೆಲ್ಲುವಂತಿಲ್ಲ, ಬಲಕ್ಕೆ ದೋಣಿ ತಿರುಗುವುದಿಲ್ಲ. ದೋಣಿ ಹೋದರೆ ಹೋಗಲಿ ಎಂದು ಆಗ ನಿಜವಾಗಿ ಅನ್ನಿಸಿತು. ಅವಳು ಬೆಳಗಿನ ನಾಲ್ಕಕ್ಕೆ ಎದ್ದು ತಟ್ಟಿದ ರೊಟ್ಟಿಗಳು ಆ ಬುಟ್ಟಿಯಲ್ಲಿದ್ದವು. ಬದುವಿನ ಮೇಲೆ ನಿಲ್ಲುವುದನ್ನಾದರೂ ನಾನು ಅವಳಿಗೆ ಈ ವರ್ಷ ಉಳಿಸಲಿಲ್ಲ.

ಆಗ ಮಹಾದೇವಿ ಬುಟ್ಟಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದಳು. ಉಣ್ಣಲು ಇರಬೇಕೆಂದುಕೊಂಡೆ. ಅವಳು ಅದನ್ನು ತೊಡೆಯ ಮೇಲೆ ಹರವಿ, ಒಂದು ಹಸಿಮೆಣಸಿನಕಾಯಿಯನ್ನು ಅದರ ಅಂಚಿನ ಮೇಲಿಟ್ಟಳು. ಮೆಣಸಿನಕಾಯಿಯ ಚೂಪು ತುದಿ ಮುಂದೆ, ತೊಟ್ಟು ಹಿಂದೆ. ಅದನ್ನು ಅಂಚಿನ ಗುಂಟ ಎಡಕ್ಕೆ ಸರಿಸಿದಳು. ನಿಲ್ಲಿಸಿದಳು. ಆಮೇಲೆ ಮೆಣಸಿನಕಾಯಿಯನ್ನು ತಿರುಗಿಸದೆ, ತೊಟ್ಟಿನ ಕಡೆಯಿಂದ ಹಿಂದಕ್ಕೆ ಎಳೆಯುತ್ತ ಅದೇ ಅಂಚಿನ ಗುಂಟ ತಂದಳು. ಐದನೆಯ ತರಗತಿಗೆ ಗಣಿತ ಕಲಿಸುವ ಮುಖ ಅವಳದಾಗಿತ್ತು.

"ಇದು ಹಿಂದಕ್ಕ ಹೋಗತದೇನ್ರಿ?"

"ಹೋಗತದ. ರಿವರ್ಸ್ ಅದ."

"ಚಕ್ರ ಮುಟ್ಟಬ್ಯಾಡ್ರಿ. ಹಿಂದಕ್ಕ ಒಯ್ಯಿರಿ."

ನಾನು ಎಂಜಿನ್ ಚಾಲೂ ಮಾಡಿ ಹಿಡಿಕೆಯನ್ನು ಹಿಂದಕ್ಕೆ ಎಳೆದೆ. ದೋಣಿ ಒಮ್ಮೆ ನಡುಗಿ, ಬೆನ್ನು ಮುಂದೆ ಮಾಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಎಡಕ್ಕೆ ಸುತ್ತಿದ ವೃತ್ತವನ್ನೇ ಬಲಕ್ಕೆ ಬಿಚ್ಚತೊಡಗಿತು. ಅಗಲವಾದ ಹಿಂಭಾಗ ನೀರನ್ನು ಗುದ್ದಿ, ನೀರು ಎದ್ದು, ಸಾವ್ಕಾರರ ಬಿಳಿ ಧೋತರದ ಮೇಲೆ ಬಿತ್ತು.

"ಅಕ್ಕೋರ, ಹಿಂದಮುಂದಾಗಿ ಯಾರರ ಚರಗ ಚೆಲ್ಲತಾರೇನ್ರಿ?" ಎಂದು ಅವರು ಆಕ್ಷೇಪಿಸಿದರು.

"ನೀರಿನ ಹೊಲಾ ಯಾರರ ನೋಡ್ಯಾರೇನ್ರಿ? ಹೊಸಾ ಹೊಲಾ, ಹೊಸಾ ಪದ್ಧತಿ," ಎಂದು, ಅವಳು ಹರಿಗೋಲಿನ ಕಡೆ ಕೂಗಿದಳು. "ಸಾಬಣ್ಣ, ಅಲ್ಲಿಂದ ನೋಡಿ ಹೇಳಪಾ. ಬಲಕ್ಕ ಸುತ್ತಾಕತ್ತೀವೋ, ಎಡಕ್ಕೋ?"

ಸಾಬಣ್ಣ ಎದ್ದು ನಿಂತ. ಹುಟ್ಟನ್ನು ಗಾಳಿಯಲ್ಲಿ ಎತ್ತಿ, ನಮ್ಮ ದಾರಿಯನ್ನು ಪೂರ್ತಿ ಒಂದು ಸುತ್ತು ಅಳೆದು ನೋಡಿದ. "ಬಲಕ್ಕೇ ಹೊಂಟೀರಿ ಅಕ್ಕೋರ," ಎಂದ. "ಮಾರಿ ಅಷ್ಟ ಬ್ಯಾರೆ ಕಡಿ ಅದ."

ಎರಡನೆಯ ಮೂಲದಿಂದ ಖಚಿತವಾಯಿತು. ಮಹಾದೇವಿ ಮೊದಲ ಮುಷ್ಟಿ ಚರಗ ಚೆಲ್ಲಿದಳು.

ಮುಂದಿನದನ್ನು ಕ್ರಮಬದ್ಧವಾಗಿ ವರದಿ ಮಾಡಲು ನನಗೆ ಬರುವುದಿಲ್ಲ. ಅವಳು ಕೈ ಬೀಸಿ ಚೆಲ್ಲುತ್ತಿದ್ದಳು, ಚರಗ ಬಿದ್ದಲ್ಲೆಲ್ಲ ಮೀನು ಮೇಲೆದ್ದು ನೀರು ಕುದಿಯುತ್ತಿತ್ತು. ಬೆಳ್ಳಕ್ಕಿಗಳು, ಕಾಗೆಗಳು, ಎಲ್ಲಿಂದಲೋ ಬಂದ ಎರಡು ಹದ್ದುಗಳು ನಮ್ಮ ಮೇಲೆ ಸುತ್ತುತ್ತಿದ್ದವು, ಅವೂ ಬಲಕ್ಕೆ. ಚರಗದ ಹಿಂದೆ ನೀರು ಚಿಮುಕಿಸುವವರು ಬೇಕಲ್ಲ, ಆ ಕೆಲಸವನ್ನು ಎಂಜಿನ್ನೇ ಮಾಡುತ್ತಿತ್ತು, ಎಲ್ಲರ ಮೇಲೂ. ಖಾಸಿಂ ಮೊದಲು ನಕ್ಕ. ಆಮೇಲೆ ನಾನು. ಮಹಾದೇವಿ ನಗುವುದಿಲ್ಲವೆಂದು ತುಟಿ ಕಚ್ಚಿ ಹಿಡಿದಿದ್ದಳು. ಒಂದು ಅಲೆ ಬಂದು ಜಾಕೀಟಿನೊಳಗೆ ಇಳಿಯಿತು, ತುಟಿ ಬಿಟ್ಟುಹೋಯಿತು. ದಂಡೆಯ ಹೆಂಗಸರು ಒಗೆಯುವ ಸೀರೆಗಳನ್ನೇ ಎತ್ತಿ ಬೀಸಿದರು. ಒಂದು ಸುತ್ತು ಮುಗಿಯಿತೆಂದು ನಾನು ಎಂಜಿನ್ ಆರಿಸಲು ಹೋದರೆ, "ಇರ್ರಿ, ಪಾಂಡವರು ಐದು ಮಂದಿ ಇದ್ದಾರ," ಎಂದಳು. ಐದು ಸುತ್ತು ಹಾಕಿದೆವು. ಮೂರನೆಯ ಸುತ್ತಿನಲ್ಲಿ ಸಾವ್ಕಾರರು, "ಅಕ್ಕೋರ, ಒಂದು ಮುಷ್ಟಿ ನನಗೂ ಕೊಡ್ರಿ," ಎಂದು ಕೈ ಚಾಚಿದರು. ಎಕರೆಗಟ್ಟಲೆ ಹೊಲವಿರುವ ಮನುಷ್ಯ, ತೊಯ್ದ ಧೋತರದಲ್ಲಿ, ಹಗ್ಗ ಕಟ್ಟಿದ ಜಾಕೀಟಿನಲ್ಲಿ, ನನ್ನ ಹೆಂಡತಿಯ ಕೈಯ ಬುಟ್ಟಿಯಿಂದ ಚರಗ ಇಸಿದುಕೊಂಡು ಚೆಲ್ಲುವುದನ್ನು ನೋಡಿ, ಮಹಾದೇವಿಯನ್ನು ಚೆಲ್ಲಲು ಯಾರೂ ಕರೆಯದ ವರ್ಷಗಳು ನೀರಿಗೆ ಬಿದ್ದವು ಎಂದುಕೊಂಡೆ.

ಸಾಬಣ್ಣ ದಂಡೆಗೆ ಹೋಗಿ ಪಾನಾ ತಂದುಕೊಟ್ಟ. ಖಾಸಿಂ ತಂತಿ ಕಳಚಿದ. ವಾಪಸು ಬರುವಾಗ ಅವನು ಹಿಂದೆ ನಿಂತು, ಎಂಜಿನ್ನನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ದೂಡುತ್ತ ದೋಣಿ ನಡೆಸಿದ. ಥೇಟ್ ಹೊಲ ಉಳುವ ರಂಟೆ ಹಿಡಿದಂತೆ. ದೋಣಿ ಬಲಕ್ಕೂ ತಿರುಗಿತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ.

ದಂಡೆಯ ಹತ್ತಿರ ಲಂಗರು ಹಾಕಿ, ಕೋಣೆಯ ಮುಂದೆ ಕುಳಿತು ಉಂಡೆವು. ಸಾಬಣ್ಣ ಹರಿಗೋಲಿನಲ್ಲೇ ಕುಳಿತು ಎರಡು ಕಡುಬು ಇಸಿದುಕೊಂಡ. ಸಾವ್ಕಾರರು ನಾಲ್ಕನೆಯ ರೊಟ್ಟಿಗೆ ಬಂದಾಗ ಒಳಗಿನ ವ್ಯಾಪಾರಿ ಮತ್ತೆ ಎದ್ದ.

"ಅದೆಲ್ಲ ಇರ್ಲಿ ಅಕ್ಕೋರ. ಕ್ರೇನಿಂದು ಹ್ಯಾಂಗ?"

ಮಹಾದೇವಿ ಅವರ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಹಾಕಿದಳು. "ಚರಗ ಚೆಲ್ಲಿದ ಹೊಲಾ, ಅವತ್ತೇ ಯಾರರ ಮಾರತಾರೇನ್ರಿ ಸಾವ್ಕಾರ?"

ಸಾವ್ಕಾರರ ಕೈ ಬಾಯಿಯ ಹತ್ತಿರ ನಿಂತಿತು. ಫಂಕ್ಷನ್ ಹಾಲ್ ಕಟ್ಟಿಸಿದ್ದರೂ ಮನುಷ್ಯ ಹೊಲದವನು. "ಇಲ್ರಿ," ಎಂದರು. "ಮಾರಂಗಿಲ್ಲ." ತುತ್ತು ಒಳಗೆ ಹೋಯಿತು.

ಇಲ್ಲಿ ದಾಖಲೆಯ ದೃಷ್ಟಿಯಿಂದ ಒಂದು ವಿಷಯ ಹೇಳಬೇಕು. ಆ ನೀರು ನಮ್ಮದಲ್ಲ. ಅದು ಹೊಲವೂ ಅಲ್ಲ. ಬ್ಯಾರೇಜಿನ ಗೇಟು ಎತ್ತಿದರೆ ಮಹಾದೇವಿಯ ಹೊಲ ಎದ್ದು ಹರಿದು ಕೃಷ್ಣೆಯನ್ನು ಸೇರಿ, ಆಂಧ್ರವನ್ನು ದಾಟಿ, ಸಮುದ್ರಕ್ಕೆ ಹೋಗಿಬಿಡುತ್ತದೆ. ನಾವು ಸುತ್ತಿದ ವೃತ್ತಕ್ಕೆ ಗಡಿಯಿಲ್ಲ, ಪಹಣಿಯಿಲ್ಲ. ಐದು ಸುತ್ತು ಹಾಕಿದ ಗುರುತೂ ಆಗಲೇ ಅಳಿಸಿತ್ತು. ಒಬ್ಬರ ಹೇಳಿಕೆಯಲ್ಲಿ ಇಷ್ಟು ದೊಡ್ಡ ತಪ್ಪು ಕಂಡರೆ ಮೂವತ್ತು ವರ್ಷದ ಅಭ್ಯಾಸದಲ್ಲಿ ನನ್ನ ಕೈ ತಾನಾಗಿ ಎದ್ದು ತಿದ್ದಲು ಹೋಗುತ್ತದೆ. ಅವತ್ತು ಆ ಕೈಯಲ್ಲಿ ಸಜ್ಜೆ ರೊಟ್ಟಿ ಇತ್ತು. ಪುಂಡಿಪಲ್ಯ ಹಚ್ಚಿಕೊಂಡು ತಿಂದೆ.